ಹೊಸ ಕನ್ಸೋಲ್‌ಗಳ ಪೈಪೋಟಿ: ಇದ್ದ ಗಿರಾಕಿ ಕೈತಪ್ಪಿ ಹೋಗದಿರಲಿ

ಎಲೆಕ್ಟ್ರಾನಿಕ್ ವಸ್ತು ಹಳತಾದಷ್ಟೂ ಅಗ್ಗವಾಗಬೇಕು, ಅಲ್ವಾ? ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳ ವಿಷಯದಲ್ಲಿ ದಶಕಗಳ ಕಾಲ ಹಾಗೇ ನಡೆದುಕೊಂಡು ಬಂದಿತ್ತು. 2000ದಲ್ಲಿ ಅಮೆರಿಕದ ಮಾರುಕಟ್ಟೆಗೆ 299 ಡಾಲರ್‌ಗೆ ಬಂದ ಸೋನಿಯ ಪ್ಲೇಸ್ಟೇಷನ್ 2, 2009ರ ಹೊತ್ತಿಗೆ 99 ಡಾಲರ್‌ಗೆ ಇಳಿದಿತ್ತು. 2013ರಲ್ಲಿ 399 ಡಾಲರ್ ಇದ್ದ ಪ್ಲೇಸ್ಟೇಷನ್ 4 ಮೂರೇ ವರ್ಷಕ್ಕೆ 299ಕ್ಕೆ ಸಿಗುತ್ತಿತ್ತು. ಅವಸರವಿಲ್ಲದವರು ಸ್ವಲ್ಪ ಕಾದರೆ ಸಾಕಿತ್ತು.

ಈಗ ಕಾದವರಿಗೇ ನಷ್ಟ. 2020ರ ನವೆಂಬರ್‌ನಲ್ಲಿ 499 ಡಾಲರ್‌ಗೆ ಬಂದ ಪ್ಲೇಸ್ಟೇಷನ್ 5ರ ಬೆಲೆ 2025ರ ಆಗಸ್ಟ್‌ನಲ್ಲಿ 549ಕ್ಕೆ ಏರಿತು. 2020ರ ಅದೇ ನವೆಂಬರ್‌ನಲ್ಲಿ, ಅದೇ 499ಕ್ಕೆ ಹುಟ್ಟಿದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕಥೆ ಇನ್ನೂ ಜೋರು. 2025ರ ಮೇ ತಿಂಗಳಲ್ಲಿ 599, ಅಕ್ಟೋಬರ್‌ನಲ್ಲಿ 649. ವೇಗವೇನೂ ಹೆಚ್ಚಿಲ್ಲ. ಐದು ವರ್ಷ ಹಳೆಯ ಯಂತ್ರಕ್ಕೆ 150 ಡಾಲರ್ ಜಾಸ್ತಿ.

ಮುಂದಿನ ತಲೆಮಾರಿನ ಕನ್ಸೋಲ್‌ಗಳ ಬಗ್ಗೆ ಮಾತಾಡುವಾಗ ಎಲ್ಲರೂ ಗ್ರಾಫಿಕ್ಸ್, ಟೆರಾಫ್ಲಾಪ್ (ಚಿಪ್ ಲೆಕ್ಕ ಹಾಕುವ ವೇಗದ ಅಳತೆ), ರೇ ಟ್ರೇಸಿಂಗ್ (ಬೆಳಕು-ನೆರಳು ಮೂಡಿಸುವ ತಂತ್ರ) ಎಂದು ಶುರು ಮಾಡುತ್ತಾರೆ. ನನಗನಿಸುವುದು, ಶುರು ಮಾಡಬೇಕಾದದ್ದು ಈ ಬೆಲೆಯಿಂದ. ಇಷ್ಟು ದುಬಾರಿಯಾದ ಮೇಲೆ ಹೊಸ ಗಿರಾಕಿಗಳನ್ನು ಕರೆತರುವುದು ಕಷ್ಟ. ಹಾಗಾಗಿ ಪೈಪೋಟಿ ಇರುವುದು ಈಗಾಗಲೇ ಒಳಗಿರುವವರನ್ನು ಬಿಡದೆ ಹಿಡಿದುಕೊಳ್ಳುವುದರಲ್ಲಿ.

ಬೆಲೆ ಯಾಕೆ ಇಳಿಯುತ್ತಿಲ್ಲ? ಅಮೆರಿಕದ ಆಮದು ಸುಂಕದ ಗಲಾಟೆ ಒಂದು ಕಾರಣ, ಆದರೆ ಅದಕ್ಕಿಂತ ಆಳದ್ದು ಇನ್ನೊಂದಿದೆ. ಮೊದಲೆಲ್ಲ ಎರಡು ಮೂರು ವರ್ಷಕ್ಕೊಮ್ಮೆ ಅದೇ ಚಿಪ್ಪನ್ನು ಇನ್ನೂ ಚಿಕ್ಕದಾಗಿ ಮಾಡುವ ತಂತ್ರ ಬರುತ್ತಿತ್ತು. ಚಿಪ್ ಚಿಕ್ಕದಾದರೆ ಒಂದೇ ಸಿಲಿಕಾನ್ ಬಿಲ್ಲೆಯಿಂದ ಹೆಚ್ಚು ಚಿಪ್ ಸಿಗುತ್ತವೆ. ಕರೆಂಟ್ ಕಡಿಮೆ ಸಾಕು, ಬಿಸಿ ಕಡಿಮೆ, ಫ್ಯಾನ್ ಸಣ್ಣದು, ಪೆಟ್ಟಿಗೆಯೂ ಸಣ್ಣದು. ಒಂದೊಂದರಲ್ಲೂ ಒಂದಿಷ್ಟು ಉಳಿತಾಯ. ಪ್ಲೇಸ್ಟೇಷನ್ 5ರ ಚಿಪ್ಪನ್ನೂ 2022ರಲ್ಲಿ 7 ನ್ಯಾನೋಮೀಟರ್‌ನಿಂದ 6ಕ್ಕೆ ಇಳಿಸಿದರು. ಕರೆಂಟ್ ಉಳಿಯಿತು, ತೂಕ ಇಳಿಯಿತು. ಬೆಲೆ ಮಾತ್ರ ಇಳಿಯಲಿಲ್ಲ. ಅದೇ ವರ್ಷ ಯುರೋಪ್, ಜಪಾನ್ ಸೇರಿ ಹಲವು ಕಡೆ ಸೋನಿ ಬೆಲೆ ಏರಿಸಿತು. ಹೊಸ ಹೊಸ ತಂತ್ರದ ಚಿಪ್ ಬಿಲ್ಲೆಗಳು ಎಷ್ಟು ದುಬಾರಿಯಾಗಿವೆ ಎಂದರೆ, ಚಿಕ್ಕದು ಮಾಡುವುದರಿಂದ ಸಿಗುವ ಲಾಭವನ್ನೆಲ್ಲ ಅವೇ ನುಂಗಿಬಿಡುತ್ತವೆ.

ಇದರ ಮೇಲೆ ಮೆಮೊರಿ ಕಾಟ. 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳ ಹಸಿವಿನಿಂದ ಮೆಮೊರಿ ಚಿಪ್‌ಗಳ ಬೆಲೆ ಗಗನಕ್ಕೇರಿತು. ಮೈಕ್ರಾನ್ ಕಂಪನಿ ಆ ಡಿಸೆಂಬರ್‌ನಲ್ಲಿ, ಸಾಮಾನ್ಯ ಗ್ರಾಹಕರಿಗೆ ಮೆಮೊರಿ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ಮುಚ್ಚುವುದಾಗಿ ಹೇಳಿತು. ದೊಡ್ಡ ದುಡ್ಡು ಇರುವುದು ಡೇಟಾ ಸೆಂಟರ್ ಕಡೆ ಎಂದಮೇಲೆ ಚಿಲ್ಲರೆ ಗಿರಾಕಿ ಯಾರಿಗೆ ಬೇಕು! ಈಗಿನ ಎರಡು ದೊಡ್ಡ ಕನ್ಸೋಲ್‌ಗಳಲ್ಲೂ 16 ಜಿಬಿ ಮೆಮೊರಿ ಇದೆ. ಮುಂದಿನವಕ್ಕೆ ಇದಕ್ಕಿಂತ ಜಾಸ್ತಿ ಬೇಕೇ ಬೇಕು. ಅದನ್ನು ಯಾವ ದರಕ್ಕೆ ತರುತ್ತಾರೆ ಎನ್ನುವುದು ಸೋನಿ ಮತ್ತು ಮೈಕ್ರೋಸಾಫ್ಟ್ ಇಬ್ಬರಿಗೂ ಚಿಪ್ಪಿನ ವೇಗಕ್ಕಿಂತ ದೊಡ್ಡ ತಲೆನೋವು.

ಇಷ್ಟಾದರೂ ಪೆಟ್ಟಿಗೆ ಮಾರಿಯೇ ದೊಡ್ಡ ಲಾಭ ಮಾಡುವ ವ್ಯವಹಾರ ಇದಲ್ಲ. ಒಂದೊಂದು ಎಕ್ಸ್‌ಬಾಕ್ಸ್ ಮಾರಿದಾಗಲೂ 100ರಿಂದ 200 ಡಾಲರ್ ಕೈಯಿಂದ ಹಾಕುತ್ತಿದ್ದೇವೆ ಎಂದು ಆಗಿನ ಮುಖ್ಯಸ್ಥ ಫಿಲ್ ಸ್ಪೆನ್ಸರ್ 2022ರಲ್ಲಿ ಹೇಳಿದ್ದರು. ಅದಕ್ಕೂ ಒಂದು ವರ್ಷ ಮೊದಲು, ಫೋರ್ಟ್‌ನೈಟ್ ಗೇಮ್ ಮಾಡಿದ ಎಪಿಕ್ ಮತ್ತು ಆಪಲ್ ನಡುವಿನ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದ ಮೈಕ್ರೋಸಾಫ್ಟ್ ಅಧಿಕಾರಿ, ಎಕ್ಸ್‌ಬಾಕ್ಸ್ ಯಂತ್ರ ಮಾರಿ ಕಂಪನಿ ಯಾವತ್ತೂ ಲಾಭ ಮಾಡಿಲ್ಲ ಎಂದೇ ಒಪ್ಪಿಕೊಂಡರು. ಸೋನಿ ಸ್ವಲ್ಪ ಜಾಣ. 499ರ ಪ್ಲೇಸ್ಟೇಷನ್ 5ರಲ್ಲಿ ನಷ್ಟ ನಿಂತಿದೆ ಎಂದು 2021ರ ಆಗಸ್ಟ್‌ನಲ್ಲೇ ಹೇಳಿಕೊಂಡಿತ್ತು.

ಹಾಗಾದರೆ ದುಡ್ಡು ಎಲ್ಲಿಂದ? ಹೆದ್ದಾರಿ ಕಟ್ಟಿ ಟೋಲ್ ಎತ್ತಿದ ಹಾಗೆ. ಕನ್ಸೋಲ್‌ನ ಅಂಗಡಿಯಲ್ಲಿ ನೀವು ಯಾವ ಗೇಮ್ ಕೊಂಡರೂ ಅದರ ಬೆಲೆಯಲ್ಲಿ ಸುಮಾರು ಶೇ 30 ಕನ್ಸೋಲ್ ಕಂಪನಿಗೆ ಹೋಗುತ್ತದೆ. ಗೇಮ್ ಒಳಗೆ ಬಣ್ಣದ ಬಟ್ಟೆ ಕೊಂಡರೂ ಅಷ್ಟೇ. ಜೊತೆಗೆ ಆನ್‌ಲೈನ್ ಆಡಲು ಚಂದಾ ಬೇರೆ. ಹಾಗಾಗಿ ರಸ್ತೆಗೆ ಎಷ್ಟು ಗಾಡಿ ಬರುತ್ತವೆ ಎನ್ನುವಷ್ಟೇ, ಬಂದ ಗಾಡಿ ಪಕ್ಕದ ರಸ್ತೆಗೆ ತಿರುಗದಂತೆ ನೋಡಿಕೊಳ್ಳುವುದೂ ಮುಖ್ಯ.

ಸೋನಿ ಇದನ್ನು ಎಷ್ಟು ಗಟ್ಟಿಯಾಗಿ ಹಿಡಿದಿತ್ತು ಎನ್ನುವುದಕ್ಕೆ 2018ರ ಜೂನ್‌ನಲ್ಲಿ ನಡೆದದ್ದು ಒಳ್ಳೆಯ ಉದಾಹರಣೆ. ನಿಂಟೆಂಡೊ ಸ್ವಿಚ್‌ಗೆ ಫೋರ್ಟ್‌ನೈಟ್ ಬಂತು. ಜನ ಖುಷಿಯಿಂದ ತಮ್ಮ ಎಪಿಕ್ ಖಾತೆ ಹಾಕಿ ಒಳಗೆ ಹೋಗಲು ನೋಡಿದರು. ಆ ಖಾತೆಯನ್ನು ಒಮ್ಮೆಯಾದರೂ ಪ್ಲೇಸ್ಟೇಷನ್ 4ಕ್ಕೆ ಜೋಡಿಸಿದ್ದವರಿಗೆ ಬಾಗಿಲು ಬಂದ್. ಕೊಂಡ ವೇಷಗಳು, ಗೆದ್ದ ಹಂತಗಳು ಯಾವುದೂ ಇಲ್ಲ. ಸ್ವಿಚ್‌ನಲ್ಲಿ ಆಡಬೇಕಾದರೆ ಹೊಸ ಖಾತೆ ಮಾಡಿ ಸೊನ್ನೆಯಿಂದ ಶುರು ಮಾಡಬೇಕು. ಖಾತೆ ಎಪಿಕ್‌ನದು, ಯಂತ್ರ ನಿಂಟೆಂಡೊದ್ದು, ದುಡ್ಡು ಆಟಗಾರನದು, ತಡೆ ಮಾತ್ರ ಸೋನಿಯದು. ಬೈಗುಳ ತಾಳಲಾರದೆ ಸೆಪ್ಟೆಂಬರ್‌ನಲ್ಲಿ ಸೋನಿ ಆ ಗೋಡೆ ತೆಗೆಯಿತು. ಆ ಮೂರು ತಿಂಗಳ ಹಟದಲ್ಲಿ ಇಡೀ ವ್ಯವಹಾರದ ಒಳಗುಟ್ಟು ಕಾಣುತ್ತದೆ.

ಯಂತ್ರಗಳ ನಡುವೆ ನಿಜವಾಗಿ ಎಷ್ಟು ವ್ಯತ್ಯಾಸ ಇತ್ತು ನೋಡಿ. ಸೋನಿ, ಮೈಕ್ರೋಸಾಫ್ಟ್ ಇಬ್ಬರಿಗೂ ಚಿಪ್ ಮಾಡಿಕೊಟ್ಟದ್ದು ಎಎಂಡಿ ಕಂಪನಿ. ಎರಡರಲ್ಲೂ ಝೆನ್ 2 ಪ್ರೊಸೆಸರ್, ಆರ್‌ಡಿಎನ್‌ಎ 2 ಗ್ರಾಫಿಕ್ಸ್. ಸೀರೀಸ್ ಎಕ್ಸ್‌ಗೆ 12 ಟೆರಾಫ್ಲಾಪ್, ಪ್ಲೇಸ್ಟೇಷನ್ 5ಕ್ಕೆ 10.28. ಎರಡೂ ತುಂಬದ ಈ ಟೆರಾಫ್ಲಾಪ್ ಅಂತರ ಹಿಡಿದುಕೊಂಡು 2020ರಲ್ಲಿ ಅಭಿಮಾನಿಗಳು ಎಷ್ಟು ಕಿತ್ತಾಡಿದರು ಎಂದರೆ, ಈಗ ನೆನೆದರೆ ನಗು ಬರುತ್ತದೆ. ಇನ್ನೊಂದು ಕಡೆ ಗೇಮ್ ಶೇಖರಿಸಿಡುವ ಸೋನಿಯ ಎಸ್‌ಎಸ್‌ಡಿ ಸೆಕೆಂಡಿಗೆ 5.5 ಜಿಬಿ ಓದುತ್ತಿತ್ತು, ಎಕ್ಸ್‌ಬಾಕ್ಸ್‌ನದು 2.4. ಇದೂ ಕಾಗದದ ಮೇಲೆ ದೊಡ್ಡ ಅಂತರವೇ. ಆಡುವವರ ಕಣ್ಣಿಗೆ ಇವೆರಡೂ ಹೆಚ್ಚು ಬೀಳಲಿಲ್ಲ. ಒಂದೇ ಗೇಮ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಓಡಿತು.

ಕಣ್ಣಿಗೆ ಬಿದ್ದದ್ದು ಸೀರೀಸ್ ಎಕ್ಸ್‌ನ ತಮ್ಮನ ಕಥೆ, ಅಂದರೆ 299 ಡಾಲರ್‌ನ ಸೀರೀಸ್ ಎಸ್. 4 ಟೆರಾಫ್ಲಾಪ್, 10 ಜಿಬಿ ಮೆಮೊರಿ. ಅಗ್ಗದ ಯಂತ್ರ ಕೊಟ್ಟು ಜನರನ್ನು ಸೆಳೆಯುವ ಯೋಚನೆ ಕೆಟ್ಟದ್ದೇನಲ್ಲ. ಆದರೆ ದೊಡ್ಡ ಯಂತ್ರದಲ್ಲಿ ಇರುವ ಸೌಲಭ್ಯವೆಲ್ಲ ಚಿಕ್ಕದರಲ್ಲೂ ಇರಲೇಬೇಕು ಎಂದು ಮೈಕ್ರೋಸಾಫ್ಟ್ ನಿಯಮ ಮಾಡಿತ್ತು. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಬಂದಾಗ ಇದು ಕುತ್ತಿಗೆಗೆ ಬಂತು. ಪರದೆಯನ್ನು ಎರಡು ಭಾಗ ಮಾಡಿ ಇಬ್ಬರು ಕೂತು ಆಡುವ ಸೌಲಭ್ಯ ಸೀರೀಸ್ ಎಸ್‌ನ ಮೆಮೊರಿಯಲ್ಲಿ ಹಿಡಿಸಲಿಲ್ಲ. ಹಾಗಾಗಿ ಸೀರೀಸ್ ಎಕ್ಸ್ ಇಟ್ಟುಕೊಂಡವರೂ ಕಾಯಬೇಕಾಯಿತು. ಪ್ಲೇಸ್ಟೇಷನ್ 5ಕ್ಕೆ ಸೆಪ್ಟೆಂಬರ್‌ನಲ್ಲಿ ಬಂದ ಗೇಮ್ ಎಕ್ಸ್‌ಬಾಕ್ಸ್‌ಗೆ ಬಂದದ್ದು ಡಿಸೆಂಬರ್‌ನಲ್ಲಿ, ಅದೂ ಮೈಕ್ರೋಸಾಫ್ಟ್ ತನ್ನ ನಿಯಮ ಸಡಿಲಿಸಿ, ಸೀರೀಸ್ ಎಸ್‌ನಲ್ಲಿ ಆ ಸೌಲಭ್ಯ ಇಲ್ಲದೆ. ಆ ವರ್ಷ ಅತಿ ಹೆಚ್ಚು ಪ್ರಶಸ್ತಿ ಬಾಚಿದ ಗೇಮ್‌ಗಳಲ್ಲಿ ಅದೂ ಒಂದು!

ಆದರೂ ಮೈಕ್ರೋಸಾಫ್ಟ್ ಸೋತದ್ದು ಸೀರೀಸ್ ಎಸ್‌ನಿಂದ ಅಲ್ಲ, 2013ರಲ್ಲೇ. ಮೇ ತಿಂಗಳಲ್ಲಿ ಎಕ್ಸ್‌ಬಾಕ್ಸ್ ಒನ್ ಪರಿಚಯಿಸಿದಾಗ ಟಿವಿ ನೋಡುವ ಬಗ್ಗೆಯೇ ಅರ್ಧ ಮಾತು. ಕಿನೆಕ್ಟ್ ಕ್ಯಾಮೆರಾ ಕಡ್ಡಾಯ, ದಿನಕ್ಕೊಮ್ಮೆ ಇಂಟರ್‌ನೆಟ್‌ಗೆ ಹಾಜರಿ ಹಾಕಬೇಕು, ಹಳೆಯ ಡಿಸ್ಕ್ ಕೊಡು-ಕೊಳ್ಳುವುದಕ್ಕೆ ಹತ್ತು ಕಟ್ಟುಪಾಡು. ಮರುತಿಂಗಳು ಮೈಕ್ರೋಸಾಫ್ಟ್ ಬೆಲೆ 499 ಡಾಲರ್ ಎಂದರೆ, ಸೋನಿ ವೇದಿಕೆ ಹತ್ತಿ 399 ಎಂದಿತು. ಸ್ನೇಹಿತನಿಗೆ ಗೇಮ್ ಹಂಚಿಕೊಳ್ಳುವುದು ಹೇಗೆ ಎಂದು ತೋರಿಸುವ ಒಂದು ಪುಟ್ಟ ವಿಡಿಯೊ ಬಿಟ್ಟಿತು. ಅದರಲ್ಲಿ ಸೋನಿಯ ಒಬ್ಬ ಅಧಿಕಾರಿ ಇನ್ನೊಬ್ಬರ ಕೈಗೆ ಡಿಸ್ಕ್ ಕೊಡುತ್ತಾರೆ. ಅವರು ಥ್ಯಾಂಕ್ಸ್ ಅನ್ನುತ್ತಾರೆ. ಅಷ್ಟೇ, ವಿಡಿಯೊ ಮುಗಿಯಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ನಿಯಮಗಳನ್ನು ವಾಪಸ್ ತೆಗೆದುಕೊಂಡರೂ ಹೋದ ಮಾನ ಹೋದದ್ದೇ. ಪ್ಲೇಸ್ಟೇಷನ್ 4 ಕೊನೆಗೆ 11.7 ಕೋಟಿ ಮಾರಾಟವಾಯಿತು. ಎಕ್ಸ್‌ಬಾಕ್ಸ್ ಒನ್ ಅದರ ಅರ್ಧವನ್ನೂ ಮುಟ್ಟಲಿಲ್ಲ.

ಒಂದು ಸುತ್ತು ಸೋಲುವುದು ಈ ಉದ್ಯಮದಲ್ಲಿ ಹೊಸದಲ್ಲ. 2006ರಲ್ಲಿ ಪ್ಲೇಸ್ಟೇಷನ್ 3ಕ್ಕೆ 599 ಡಾಲರ್ ಹೇಳಿ ಸೋನಿಯೂ ಮುಗ್ಗರಿಸಿತ್ತು, ಮತ್ತೆ ಎದ್ದಿತು. ಆದರೆ 2013ರ ಸುತ್ತಿಗೆ ಒಂದು ವಿಶೇಷ ಇತ್ತು. ಜನ ಡಿಸ್ಕ್ ಬಿಟ್ಟು ಡೌನ್‌ಲೋಡ್ ಮಾಡಿಕೊಳ್ಳುವುದಕ್ಕೆ ಹೊರಳಿದ್ದು ಆಗಲೇ. ಡಿಸ್ಕ್ ಇದ್ದಾಗ ಹಳೆಯ ಗೇಮ್‌ಗಳನ್ನೆಲ್ಲ ಮಾರಿ, ಆ ದುಡ್ಡಲ್ಲಿ ಬೇರೆ ಕಂಪನಿಯ ಯಂತ್ರ ಕೊಳ್ಳಬಹುದಿತ್ತು. ಡಿಜಿಟಲ್ ಗೇಮ್ ಮಾರಲು ಬರುವುದಿಲ್ಲ, ಸಾಗಿಸಲೂ ಬರುವುದಿಲ್ಲ. ಏಳು ವರ್ಷ ಪ್ಲೇಸ್ಟೇಷನ್ ಅಂಗಡಿಯಲ್ಲಿ ದುಡ್ಡು ಸುರಿದವನಿಗೆ 2020ರಲ್ಲಿ ಪ್ಲೇಸ್ಟೇಷನ್ 5 ಬಂತು, ಅದರಲ್ಲಿ ಪ್ಲೇಸ್ಟೇಷನ್ 4ರ ಬಹುತೇಕ ಎಲ್ಲ ಗೇಮ್ ಓಡುತ್ತವೆ. ಆತ ಎಕ್ಸ್‌ಬಾಕ್ಸ್ ಕಡೆ ಯಾಕೆ ನೋಡುತ್ತಾನೆ? ಸೋಲಬಾರದ ತಲೆಮಾರನ್ನೇ ಸೋತೆವು, ಜನ ತಮ್ಮ ಡಿಜಿಟಲ್ ಸಂಗ್ರಹ ಕಟ್ಟಿಕೊಂಡದ್ದು ಆಗಲೇ ಎಂಬ ಅರ್ಥದ ಮಾತನ್ನು ಸ್ಪೆನ್ಸರ್ 2023ರಲ್ಲಿ ಆಡಿದರು. ಒಳ್ಳೆಯ ಗೇಮ್ ಮಾಡಿದರೆ ಜನ ಪ್ಲೇಸ್ಟೇಷನ್ ಮಾರಿ ಬರುತ್ತಾರೆ ಎನ್ನುವುದು ಸುಳ್ಳು ಎಂದೂ ಸೇರಿಸಿದರು. ಕನ್ಸೋಲ್ ಕಂಪನಿಯ ಮುಖ್ಯಸ್ಥರೊಬ್ಬರ ಬಾಯಲ್ಲಿ ಇಷ್ಟು ನೇರ ಮಾತು ಅಪರೂಪ.

ಹಾಗಂತ ಮೈಕ್ರೋಸಾಫ್ಟ್ ಕೈಕಟ್ಟಿ ಕೂರಲಿಲ್ಲ. ಬೆಥೆಸ್ಡಾ ಎಂಬ ಗೇಮ್ ಸಂಸ್ಥೆಯ ಮಾಲೀಕ ಕಂಪನಿಯನ್ನು 750 ಕೋಟಿ ಡಾಲರ್‌ಗೆ ಕೊಂಡರು. ಆಮೇಲೆ ಆಕ್ಟಿವಿಷನ್ ಬ್ಲಿಝಾರ್ಡ್, 6,870 ಕೋಟಿ ಡಾಲರ್. 2022ರ ಜನವರಿಯಲ್ಲಿ ಘೋಷಿಸಿದ ಖರೀದಿ ಮುಗಿದದ್ದು 2023ರ ಅಕ್ಟೋಬರ್‌ನಲ್ಲಿ. ನಡುವೆ ಅಮೆರಿಕ, ಬ್ರಿಟನ್, ಯುರೋಪ್‌ನ ನಿಯಂತ್ರಕರ ಮುಂದೆ ಅಲೆದಾಟ. ಒಪ್ಪಿಗೆ ಪಡೆಯಲು ಆಕ್ಟಿವಿಷನ್‌ನ ಹೆಸರಾಂತ ಗೇಮ್ ಕಾಲ್ ಆಫ್ ಡ್ಯೂಟಿಯನ್ನು 10 ವರ್ಷ ಎಲ್ಲರಿಗೂ ಕೊಡುತ್ತೇವೆ ಎಂದು ಸೋನಿ, ನಿಂಟೆಂಡೊ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅಂದರೆ, ಎದುರಾಳಿಗೆ ಸಿಗದಂತೆ ಇಟ್ಟುಕೊಂಡರೆ ಆಯುಧವಾಗಬಹುದಿದ್ದ ಗೇಮನ್ನು ಎದುರಾಳಿಗೂ ಕೊಡುವ ಷರತ್ತಿನ ಮೇಲೇ ಕೊಂಡಂತಾಯಿತು.

ಅಷ್ಟು ದುಡ್ಡು ಹಾಕಿದ ಮೇಲೆ ವಾಪಸ್ ಬರಬೇಕಲ್ಲ. ಕೋಟಿಗಟ್ಟಲೆ ಪ್ಲೇಸ್ಟೇಷನ್ 5ಗಳು ಮನೆಗಳಲ್ಲಿ ಇರುವಾಗ ಆ ಮಾರುಕಟ್ಟೆ ಬಿಟ್ಟರೆ ಯಾರಿಗೆ ನಷ್ಟ? 2024ರ ಫೆಬ್ರವರಿಯಲ್ಲಿ ನಾಲ್ಕು ಎಕ್ಸ್‌ಬಾಕ್ಸ್ ಗೇಮ್‌ಗಳನ್ನು ಬೇರೆ ಕನ್ಸೋಲ್‌ಗಳಿಗೂ ಬಿಡುತ್ತೇವೆ ಎಂದರು. ಆಮೇಲೆ ಫೋರ್ಝಾ ಹೊರೈಝನ್ 5 ಹೋಯಿತು, ಗಿಯರ್ಸ್ ಆಫ್ ವಾರ್ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಹೇಲೋ ಕೂಡ ಪ್ಲೇಸ್ಟೇಷನ್ 5ಕ್ಕೆ ಬರುತ್ತದೆ ಎಂದು ಘೋಷಿಸಿದರು. 2001ರಲ್ಲಿ ಮೊದಲ ಎಕ್ಸ್‌ಬಾಕ್ಸ್ ಮಾರಾಟವಾದದ್ದೇ ಹೇಲೋ ಹೆಸರಲ್ಲಿ. ಗೇಮ್ ಮಾರುವ ಕಂಪನಿಯಾಗಿ ಇದು ಸರಿಯಾದ ಲೆಕ್ಕ. ಎಕ್ಸ್‌ಬಾಕ್ಸ್ ಪೆಟ್ಟಿಗೆ ಕೊಳ್ಳಲು ಮಾತ್ರ ಕಾರಣವೇ ಉಳಿಯಲಿಲ್ಲ. 2025ರ ಜುಲೈ-ಸೆಪ್ಟೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಯಂತ್ರಗಳಿಂದ ಬಂದ ಆದಾಯ ಹಿಂದಿನ ವರ್ಷಕ್ಕಿಂತ ಶೇ 29 ಕುಸಿಯಿತು.

ಮುಂದಿನ ಎಕ್ಸ್‌ಬಾಕ್ಸ್ ಬಗ್ಗೆ ಮೈಕ್ರೋಸಾಫ್ಟ್ ಹೇಳಿರುವುದನ್ನು ಈ ಹಿನ್ನೆಲೆಯಲ್ಲೇ ಓದಬೇಕು. 2025ರ ಜೂನ್‌ನಲ್ಲಿ ಎಎಂಡಿ ಜೊತೆಗಿನ ಹೊಸ ಒಪ್ಪಂದ ಹೇಳುವಾಗ, ಒಂದೇ ಅಂಗಡಿಗೆ ಕಟ್ಟಿಹಾಕದ ಎಕ್ಸ್‌ಬಾಕ್ಸ್ ಎಂಬ ಮಾತು ಬಂತು. ಅಕ್ಟೋಬರ್‌ನಲ್ಲಿ ಅಸೂಸ್ ಜೊತೆ ತಂದ ಕೈಯಲ್ಲಿ ಹಿಡಿಯುವ ಆರ್‌ಒಜಿ ಎಕ್ಸ್‌ಬಾಕ್ಸ್ ಅಲೈ ಅದರ ಸಣ್ಣ ರುಚಿ. ಅದು ಒಳಗಿನಿಂದ ವಿಂಡೋಸ್ ಕಂಪ್ಯೂಟರ್. ಅದರಲ್ಲಿ ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್ ಹಾಕಿಕೊಳ್ಳಬಹುದು. ಸೋನಿ ಪಿಸಿಗೆ ಬಿಟ್ಟಿರುವ ಗಾಡ್ ಆಫ್ ವಾರ್‌ನಂಥ ಗೇಮ್‌ಗಳನ್ನೂ ಆಡಬಹುದು. ಎಕ್ಸ್‌ಬಾಕ್ಸ್ ಹೆಸರಿನ ಯಂತ್ರದಲ್ಲಿ ಪ್ಲೇಸ್ಟೇಷನ್ ಗೇಮ್! ಹತ್ತು ವರ್ಷದ ಹಿಂದೆ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಆಟಗಾರನಿಗೆ ಇದು ಸಿಹಿ ಸುದ್ದಿಯೇ. ಲೆಕ್ಕ ನೋಡಿದರೆ ಒಂದು ಕಹಿಯೂ ಇದೆ. ಸ್ಟೀಮ್‌ನಲ್ಲಿ ಕೊಂಡ ಗೇಮ್‌ನ ಪಾಲು ಮೈಕ್ರೋಸಾಫ್ಟ್‌ಗೆ ಬರುವುದಿಲ್ಲ, ವಾಲ್ವ್ ಕಂಪನಿಗೆ ಹೋಗುತ್ತದೆ. ಆ ಪಾಲು ಬರದಿದ್ದರೆ ಯಂತ್ರವನ್ನು ನಷ್ಟಕ್ಕೆ ಮಾರಲು ಆಗುವುದಿಲ್ಲ. ಮುಂದಿನ ಎಕ್ಸ್‌ಬಾಕ್ಸ್ ತುಂಬಾ ಮೇಲ್ದರ್ಜೆಯದ್ದಾಗಿರುತ್ತದೆ ಎಂದು ಎಕ್ಸ್‌ಬಾಕ್ಸ್ ಅಧ್ಯಕ್ಷೆಯಾಗಿದ್ದ ಸಾರಾ ಬಾಂಡ್ 2025ರ ಅಕ್ಟೋಬರ್‌ನಲ್ಲಿ ಹೇಳಿದ್ದು ಸುಮ್ನೆ ಅಲ್ಲ. 2025ರಲ್ಲಿ ಬಂದಾಗ ಅದೇ ಅಲೈನ ದೊಡ್ಡ ಮಾದರಿಗೆ 999 ಡಾಲರ್ ಇಟ್ಟಿದ್ದರು. ನನ್ನ ಅಂದಾಜು ಕೇಳಿದರೆ, ಮುಂದಿನ ಎಕ್ಸ್‌ಬಾಕ್ಸ್ ಕನ್ಸೋಲ್‌ಗಿಂತ ಒಳ್ಳೆಯ ಗೇಮಿಂಗ್ ಪಿಸಿಯ ಬೆಲೆಗೆ ಹತ್ತಿರ ಇರುತ್ತದೆ.

ವಾಲ್ವ್ ಕೂಡ ಕಾಯುತ್ತಾ ಕೂತಿಲ್ಲ. 2022ರಲ್ಲಿ 399 ಡಾಲರ್‌ಗೆ ಸ್ಟೀಮ್ ಡೆಕ್ ತಂದು, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್ ಮೇಲೆ ಓಡಿಸಿ ತೋರಿಸಿತು. 2025ರ ನವೆಂಬರ್‌ನಲ್ಲಿ ಟಿವಿ ಪಕ್ಕ ಇಡುವ ಸ್ಟೀಮ್ ಮಷೀನ್ ಘೋಷಿಸಿತು. ಅದನ್ನೂ ನಷ್ಟಕ್ಕೆ ಮಾರುವುದಿಲ್ಲ, ಪಿಸಿಯ ಲೆಕ್ಕದಲ್ಲೇ ಬೆಲೆ ಎಂದು ಮೊದಲೇ ಹೇಳಿತು. ಮೈಕ್ರೋಸಾಫ್ಟ್ ಈಗ ಕಟ್ಟಬೇಕೆಂದಿರುವುದು ವಾಲ್ವ್ ಹತ್ತಿರ ಆಗಲೇ ಇದೆ: ಯಾವ ಯಂತ್ರ ಬದಲಿಸಿದರೂ ಜೊತೆಗೆ ಬರುವ, ಕೆಲವರಿಗೆ ಇಪ್ಪತ್ತು ವರ್ಷದಷ್ಟು ಹಳೆಯದಾದ ಸಂಗ್ರಹ.

ನಿಂಟೆಂಡೊ ವಿಷಯ ಬೇರೆ. ಅದು ಈ ಇಬ್ಬರ ಜಗಳಕ್ಕೆ ತಲೆ ಹಾಕುವುದೇ ಇಲ್ಲ. ಮಾರಿಯೊ, ಜೆಲ್ಡಾ, ಪೊಕೆಮಾನ್ ಬೇಕಿದ್ದವರು ಬರುತ್ತಾರೆ, ಯಂತ್ರ ಸ್ವಲ್ಪ ನಿಧಾನವಾದರೂ ನಡೆಯುತ್ತದೆ. ಆದರೆ ಸಂಗ್ರಹದ ಪಾಠವನ್ನು ಅದೂ ಕಲಿತಿದೆ. ಅದರ ಹಳೆಯ ಕನ್ಸೋಲ್ ವೀ (Wii) ಮಾರಾಟ 10 ಕೋಟಿ ದಾಟಿದರೆ ಅದರ ನಂತರದ ವೀ ಯು 1.36 ಕೋಟಿಗೆ ನಿಂತಿತು. ಆಮೇಲೆ ಬಂದ ಸ್ವಿಚ್‌ನಲ್ಲಿ ಹಿಂದಿನ ಯಾವ ಡಿಸ್ಕೂ ಓಡುತ್ತಿರಲಿಲ್ಲ, ಗಿರಾಕಿಯನ್ನು ಮತ್ತೆ ಮೊದಲಿಂದ ಹುಡುಕಬೇಕಾಯಿತು. 15 ಕೋಟಿಗೂ ಹೆಚ್ಚು ಸ್ವಿಚ್ ಮಾರಿದ ಮೇಲೆ ಆ ಅಪಾಯಕ್ಕೆ ಕೈ ಹಾಕಲಿಲ್ಲ. 2025ರ ಜೂನ್ 5ಕ್ಕೆ ಬಂದ ಸ್ವಿಚ್ 2ರಲ್ಲಿ ಹಳೆಯ ಸ್ವಿಚ್ ಗೇಮ್‌ಗಳು ಬಹುಪಾಲು ಓಡುತ್ತವೆ. ಬೆಲೆ 449 ಡಾಲರ್ ಇದ್ದರೂ ಮೊದಲ ನಾಲ್ಕು ದಿನದಲ್ಲೇ 35 ಲಕ್ಷ ಮಾರಾಟವಾಯಿತು, ಸೆಪ್ಟೆಂಬರ್ ಕೊನೆಗೆ ಒಂದು ಕೋಟಿ ದಾಟಿತು. ಕೆಲವು ಗೇಮ್‌ಗಳ ಕಾರ್ಡ್ ಒಳಗೆ ಗೇಮೇ ಇಲ್ಲ, ಡೌನ್‌ಲೋಡ್ ಮಾಡಿಕೊಳ್ಳಲು ಒಂದು ಕೀ ಮಾತ್ರ ಇದೆ ಎಂದು ಜನ ಗೊಣಗಿದರು, ಆದರೂ ಕೊಂಡರು.

ಸೋನಿಗೆ ಸದ್ಯ ಮೇಲುಗೈ. ಅದೇ ಆಟಗಾರನಿಗೆ ಸ್ವಲ್ಪ ಚಿಂತೆಯ ವಿಷಯ. ಎದುರಾಳಿ ಸೊರಗಿದಾಗ ಏನಾಗುತ್ತದೆ ಎನ್ನುವುದಕ್ಕೆ ಪುರಾವೆ ಸಿಗತೊಡಗಿದೆ. 2023ರ ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್ ಪ್ಲಸ್‌ನ ಮೂಲ ವಾರ್ಷಿಕ ಚಂದಾ 59.99 ಡಾಲರ್‌ನಿಂದ 79.99ಕ್ಕೆ ಏರಿತು. 2024ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊಗೆ ಆಗ 699 ಡಾಲರ್ ಇತ್ತು, ಅದರಲ್ಲಿ ಡಿಸ್ಕ್ ಡ್ರೈವ್ ಇಲ್ಲ. ಬೇಕಿದ್ದರೆ ಬೇರೆ ಕೊಂಡು ಜೋಡಿಸಿಕೊಳ್ಳಿ, ಜೋಡಿಸುವಾಗ ಒಮ್ಮೆ ಇಂಟರ್‌ನೆಟ್ ಬೇಕು. ಡಿಸ್ಕ್ ಕೈಗೆ ಕೊಟ್ಟು ಮೈಕ್ರೋಸಾಫ್ಟನ್ನು ಅಣಕಿಸಿದ ಕಂಪನಿ ಇದೇ.

ಮುಂದಿನ ಪ್ಲೇಸ್ಟೇಷನ್ ಕೆಲಸವೂ ನಡೆದಿದೆ. ಪ್ರಾಜೆಕ್ಟ್ ಅಮೆಥಿಸ್ಟ್ ಹೆಸರಿನಲ್ಲಿ ಎಎಂಡಿ ಜೊತೆ ಮಾಡುತ್ತಿರುವುದನ್ನು ವಿನ್ಯಾಸಕಾರ ಮಾರ್ಕ್ ಸರ್ನಿ 2025ರ ಅಕ್ಟೋಬರ್‌ನಲ್ಲಿ ವಿವರಿಸಿದರು. ಬೆಳಕಿನ ಲೆಕ್ಕ ಹಾಕಲು ಪ್ರತ್ಯೇಕ ಭಾಗ, ಕಡಿಮೆ ರೆಸಲ್ಯೂಷನ್ ಚಿತ್ರವನ್ನು ಎಐ ಮೂಲಕ ದೊಡ್ಡದು ಮಾಡುವ ಹೊಸ ಜೋಡಣೆ, ಮೆಮೊರಿಗೆ ಹೋಗಿಬರುವ ಮಾಹಿತಿಯನ್ನು ಹಿಂಡಿ ಚಿಕ್ಕದಾಗಿಸುವ ವ್ಯವಸ್ಥೆ. ಮೂರನೆಯದೇ ಜಾಣತನದ್ದು ಅನಿಸುತ್ತದೆ. ಮೆಮೊರಿ ಚಿನ್ನದ ಬೆಲೆಯಾಗಿರುವಾಗ, ಇದ್ದಷ್ಟರಲ್ಲೇ ಹೆಚ್ಚು ಕೆಲಸ ತೆಗೆಯುವ ದಾರಿ ಅದು. ಇದೆಲ್ಲ ಕನ್ಸೋಲ್‌ಗೆ ಬರಲು ಇನ್ನೂ ಕೆಲವು ವರ್ಷ ಬೇಕು ಎನ್ನುವ ಅರ್ಥದಲ್ಲೇ ಸರ್ನಿ ಮಾತು ಮುಗಿಸಿದರು.

ಸೋನಿಗೆ ಅವಸರವೂ ಇದ್ದಂತಿಲ್ಲ. ಪ್ಲೇಸ್ಟೇಷನ್ 5 ಬಂದು ಮೂರು ವರ್ಷ ಕಳೆದರೂ ಸೋನಿಯ ಆನ್‌ಲೈನ್ ಬಳಕೆದಾರರಲ್ಲಿ ಸುಮಾರು ಅರ್ಧ ಜನ ಪ್ಲೇಸ್ಟೇಷನ್ 4ರಲ್ಲೇ ಆಡುತ್ತಿದ್ದರು. ಫೋರ್ಟ್‌ನೈಟ್, ಮೈನ್‌ಕ್ರಾಫ್ಟ್ ಆಡಲು ಹೊಸ ಯಂತ್ರ ಯಾಕೆ ಬೇಕು? ಇಡೀ ಉದ್ಯಮ ಬಾಯಿ ಬಿಟ್ಟು ಕಾಯುತ್ತಿರುವ ಜಿಟಿಎ 6 (ಗ್ರ್ಯಾಂಡ್ ಥೆಫ್ಟ್ ಆಟೊ) ಗೇಮ್ ಎರಡು ಸಲ ಮುಂದಕ್ಕೆ ಹೋಗಿ 2026ರ ನವೆಂಬರ್ 19ಕ್ಕೆ ನಿಗದಿಯಾಗಿದೆ, ಅದೂ ಈಗಿನ ಪ್ಲೇಸ್ಟೇಷನ್ 5 ಮತ್ತು ಸೀರೀಸ್ ಎಕ್ಸ್, ಎಸ್‌ಗಳಿಗೆ. ಅದು ಬಂದ ಮೇಲೆ ಹಳೆಯ ಕನ್ಸೋಲ್‌ಗಳೇ ಮತ್ತೊಂದು ಸುತ್ತು ಖರ್ಚಾಗುತ್ತವೆ. ಮೆಮೊರಿ ಬೆಲೆ ಇಳಿಯುವ ತನಕ ಹೊಸದನ್ನು ತಡೆಹಿಡಿಯಲು ಸೋನಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು. ಮೈಕ್ರೋಸಾಫ್ಟ್‌ಗೆ ಹಾಗೆ ಕಾಯುವ ಸೌಕರ್ಯ ಇಲ್ಲ. ಕಾದಷ್ಟೂ ಅದರ ಯಂತ್ರ ಇಟ್ಟುಕೊಂಡವರ ಸಂಖ್ಯೆ ಕರಗುತ್ತದೆ. ಮೊದಲು ಹೊಸ ಪೆಟ್ಟಿಗೆ ತರುವ ಒತ್ತಡ ಅದಕ್ಕೇ ಇದೆ, ಮೆಮೊರಿಗೆ ಅತಿ ಹೆಚ್ಚು ದುಡ್ಡು ತೆರಬೇಕಾಗುವುದೂ ಬಹುಶಃ ಅದೇ.